ಆ ಪ್ರಶ್ನೆಯನ್ನು ನೇರವಾಗಿಯೇ ಕೇಳಿ

ತಂಗಿಯನ್ನು ಕರೆತಂದಿದ್ದ ಅಣ್ಣ ಅವಳನ್ನು ಹೊರಗೆ ಕೂರಿಸಿ ಮೊದಲು ತಾನೊಬ್ಬನೇ ಒಳಗೆ ಬಂದ. ದನಿ ತಗ್ಗಿಸಿ, "ಡಾಕ್ಟರೇ, ಸಾಯುವ ವಿಷಯ ಮಾತ್ರ ಅವಳ ಮುಂದೆ ಎತ್ತಬೇಡಿ. ಇಲ್ಲದ ಯೋಚನೆ ತಲೆಗೆ ಹೊಕ್ಕೀತು" ಎಂದ. ರೋಗಿಗಳ ಮನೆಯವರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೆದರಿಕೆ ಸಹಜವೇ. ಆದರೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಅವಳನ್ನು ಕೇಳಿದೆ: "ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇನಮ್ಮಾ?" ಮುದ್ದೆಮಾಡಿ ಹಿಡಿದಿದ್ದ ಕರವಸ್ತ್ರವನ್ನು ಅವಳು ಮಡಿಲಲ್ಲಿ ಬಿಡಿಸಿ ಹರಡಿದಳು, ಮತ್ತೆ ಮಡಚಿದಳು. "ಎರಡು ತಿಂಗಳಾಯಿತು. ಯಾರಾದರೂ ಕೇಳುತ್ತಾರೇನೋ ಎಂದು ಕಾಯುತ್ತಿದ್ದೆ" ಎಂದಳು.

"ಅಂಥ ಹುಚ್ಚು ಯೋಚನೆಯೇನೂ ಇಲ್ಲ ತಾನೇ?" ಎಂದು ಕೇಳಿದರೆ ಪ್ರಯೋಜನವಿಲ್ಲ, ಇಲ್ಲ ಎಂಬ ಉತ್ತರವನ್ನು ನಾವೇ ಹೇಳಿಕೊಟ್ಟಂತೆ. ಹೌದೆಂದವರಿಗೆ ಬೈಗುಳ, ಆಣೆ, ಬುದ್ಧಿವಾದ ಯಾವುದೂ ಬೇಡ. "ಹೆತ್ತವರ ಮುಖ ನೋಡು" ಎನ್ನುವುದಂತೂ, ತಾನು ಎಲ್ಲರಿಗೂ ಹೊರೆ ಎಂದುಕೊಂಡವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಹೇಗೆಂದು ಯೋಚಿಸಿದ್ದಾರೆಯೇ, ದಿನ ಗೊತ್ತುಮಾಡಿದ್ದಾರೆಯೇ, ಹಿಂದೆ ಪ್ರಯತ್ನಿಸಿದ್ದರೇ ಎಂಬುದನ್ನು ಸಮಾಧಾನದಿಂದ ಕೇಳಿ. ಸಿದ್ಧತೆ ನಡೆದಿದೆಯೆಂದು ತಿಳಿದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ಬಹುಕಾಲ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ ಗುಣವಾಯಿತೆಂದು ನಿರಾಳರಾಗಬೇಡಿ.

ಸಾಯಬೇಕೆಂಬ ಒತ್ತಡ ವಿಪರೀತಕ್ಕೇರಿ ನಿಲ್ಲುವುದು ಬಹಳ ಸಲ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ. ಅಷ್ಟು ಹೊತ್ತು ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. "ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ" ಎನ್ನುವವರಿಗೆ ನಾನು ಶ್ರೀಲಂಕಾವನ್ನು ತೋರಿಸುತ್ತೇನೆ. ಅಲ್ಲಿ 1995ರಲ್ಲಿ ಅತಿ ವಿಷಕಾರಿ ಕೀಟನಾಶಕಗಳಿಗೆ ನಿರ್ಬಂಧ ಬಿದ್ದಿತು. ಮುಂದಿನ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಮನೆಯಲ್ಲಿ ಇದೇ ಕೆಲಸ ಮಾಡಲು ಒಂದು ಬೀಗ ಸಾಕು.

ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳು ಬಹಳ ಸೂಕ್ಷ್ಮ. ಎಲ್ಲರೂ ಉಸಿರುಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೊರಡುವುದು ಆಗಲೇ. ಒಂದು ಫೋನು, ಎರಡು ಸಾಲಿನ ಸಂದೇಶ, ಮುಂದಿನ ಭೇಟಿಗೆ ಜೊತೆಯಾಗಿ ಬರುವ ಒಬ್ಬರು: ಇವು ಸಣ್ಣ ಸಂಗತಿಗಳಲ್ಲ.

ಆ ಅಣ್ಣ ಈಗ ತಂಗಿಯ ಮಾತ್ರೆಗಳನ್ನು ತನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟು ದಿನದಿನಕ್ಕೆ ಬೇಕಾದಷ್ಟೇ ಕೊಡುತ್ತಾನೆ. ರಾತ್ರಿ ಮಲಗುವ ಮುನ್ನ, "ಇವತ್ತು ಆ ಯೋಚನೆ ಬಂತೇ?" ಎಂದು ಕೇಳುತ್ತಾನೆ. ಮೊದಲ ಸಲ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲವಂತೆ. ಬಂತು ಎಂದು ಅವಳು ಹೇಳಿದ ರಾತ್ರಿ ಅವಳ ಕೋಣೆಯಲ್ಲೇ ಹಾಸಿಗೆ ಹಾಸಿಕೊಂಡು, ಬೆಳಗಾಗುತ್ತಲೇ ನನಗೆ ಫೋನು ಮಾಡಿದ.