ಥರ್ಮಾಮೀಟರ್ ಹೇಳದ ಸೆಕೆ: ಬಿರುಬೇಸಿಗೆಯನ್ನು ಅಳೆಯಲು ಕಲಿತ ಎರಡೂವರೆ ಶತಮಾನ

ಬೇಸಿಗೆ ಬಂತೆಂದರೆ ಸುದ್ದಿಯಾಗುವುದು ಒಂದೇ ಸಂಖ್ಯೆ, ಆ ದಿನದ ಗರಿಷ್ಠ ಉಷ್ಣಾಂಶ. ಆದರೆ 42 ಡಿಗ್ರಿ ಸೆಲ್ಸಿಯಸ್‌ನ ಒಣ ಬಿಸಿಲಿನಲ್ಲಿ ನೆರಳು ಹುಡುಕಿಕೊಂಡು, ನೀರು ಕುಡಿಯುತ್ತ ದಿನ ಕಳೆಯಬಲ್ಲ ವ್ಯಕ್ತಿ 36 ಡಿಗ್ರಿಯ ತೇವಭರಿತ ಸೆಕೆಯಲ್ಲಿ ಮೈಮುರಿದು ದುಡಿಯುತ್ತಿರುವಾಗಲೇ ಕುಸಿದು ಬೀಳಬಹುದು. ಈ ವ್ಯತ್ಯಾಸ ವಿಜ್ಞಾನಕ್ಕೆ ಗೊತ್ತಾಗಿ ಬಹಳ ಕಾಲವಾಗಿದೆ. ಆಡಳಿತಗಳು ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು ತೀರ ಈಚೆಗೆ. ಬಿರುಬೇಸಿಗೆಯನ್ನು ಎದುರಿಸಲು ನಾವು ಹೂಡುವ ಉಪಾಯಗಳು ಎಲ್ಲಿ ಫಲಿಸುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದು ತಿಳಿಯಬೇಕಾದರೆ ಈ ವಿಳಂಬದ ಇತಿಹಾಸವನ್ನು ನೋಡಲೇಬೇಕು.

1774ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಫೋರ್ಡೈಸ್ ಎಂಬ ವೈದ್ಯರು ವಿಪರೀತ ಕಾಯಿಸಿದ ಕೋಣೆಗಳನ್ನು ಸಿದ್ಧಪಡಿಸಿ, ತಮ್ಮ ವಿದ್ವಾಂಸ ಮಿತ್ರರನ್ನು ಅದರೊಳಕ್ಕೆ ಆಹ್ವಾನಿಸಿದರು. ಅವರಲ್ಲಿ ಒಬ್ಬರಾದ ಚಾರ್ಲ್ಸ್ ಬ್ಲ್ಯಾಗ್ಡನ್ ಮರುವರ್ಷ ಪ್ರಕಟಿಸಿದ ವರದಿಯ ಪ್ರಕಾರ, ಕೋಣೆಯ ಗಾಳಿ ನೀರು ಕುದಿಯುವ ಬಿಂದುವನ್ನೂ ಮೀರಿ ಸುಮಾರು 127 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿತ್ತು. ಅಲ್ಲಿಟ್ಟ ಮೊಟ್ಟೆಗಳು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಗಟ್ಟಿಯಾಗಿ ಬೆಂದವು. ಅದೇ ಗಾಳಿಯಲ್ಲಿ ಕೆಲವು ನಿಮಿಷ ನಿಂತ ಮನುಷ್ಯರು ಮಾತ್ರ ಜೀವಂತವಾಗಿ ಹೊರಗೆ ಬಂದರು. ಕಾರಣವನ್ನು ತೋರಿಸಿಕೊಟ್ಟದ್ದು ಪಕ್ಕದಲ್ಲಿಟ್ಟಿದ್ದ ನೀರಿನ ಪಾತ್ರೆಗಳು. ತೆರೆದ ಪಾತ್ರೆಯಲ್ಲಿದ್ದ ನೀರು ಆವಿಯಾಗುತ್ತ, ತನ್ನ ಶಾಖವನ್ನು ಕಳೆದುಕೊಳ್ಳುತ್ತ ಕುದಿಯದೆ ಉಳಿದಿತ್ತು. ಮೇಲೆ ತೆಳುವಾಗಿ ಎಣ್ಣೆ ಹರಡಿ ಆವಿಯಾಗುವುದನ್ನು ತಡೆದ ಪಾತ್ರೆಯ ನೀರು ಕೊತಕೊತನೆ ಕುದಿಯಿತು. ಇನ್ನೂ ಒಂದು ಸಂಗತಿಯಿದೆ. ಸುಮ್ಮನೆ ಇಟ್ಟ ಮಾಂಸದ ತುಂಡಿಗಿಂತ, ತಿದಿಯಿಂದ ಅದೇ ಬಿಸಿಗಾಳಿಯನ್ನು ಊದಿಸಿದ ತುಂಡು ಬಹುಬೇಗ ಬೆಂದಿತು. ಬೀಸುವ ಗಾಳಿ ಯಾವಾಗಲೂ ತಂಪು ಮಾಡುತ್ತದೆ ಎಂಬ ನಂಬಿಕೆಗೆ ಮಿತಿಯಿದೆ ಎಂಬುದು ಆಗಲೇ ಕಂಡಿತ್ತು. ವಿಪರೀತ ಬಿಸಿಯ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ ವೃದ್ಧರ ವಿಷಯದಲ್ಲಿ ಇಂದು ವೈದ್ಯರು ಆತಂಕಪಡುವುದು ಇದೇ ಕಾರಣಕ್ಕೆ: ಸುತ್ತಲಿನ ಗಾಳಿ 40 ಡಿಗ್ರಿ ದಾಟಿದರೆ ಫ್ಯಾನು ಮೈಯ ಶಾಖವನ್ನು ಇಳಿಸುವ ಬದಲು ಏರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

ನಮ್ಮ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಶಾಖ ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ಮೈಮೇಲಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ದೇಹ ನೀರನ್ನು ಕಳೆದುಕೊಂಡದ್ದಷ್ಟೇ ಲಾಭ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ಆಗುವುದು ಇದೇ. ಈ ನಡುವೆ ಹೃದಯವು ಚರ್ಮದ ಕಡೆಗೆ ಹೆಚ್ಚು ಹೆಚ್ಚು ರಕ್ತವನ್ನು ತಳ್ಳುತ್ತ ದಣಿಯುತ್ತದೆ. ಆದ್ದರಿಂದಲೇ ಬೇಸಿಗೆಯ ಸಾವುಗಳಲ್ಲಿ ಬಹುಪಾಲು ಹೀಟ್ ಸ್ಟ್ರೋಕ್ ಎಂಬ ಹೆಸರಿನಲ್ಲಿ ದಾಖಲಾಗದೆ, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯದ ಲೆಕ್ಕಕ್ಕೆ ಸೇರಿಹೋಗುತ್ತವೆ. ಹೀಟ್ ಸ್ಟ್ರೋಕ್ ಆದಾಗ ದೇಹದ ಒಳ ಉಷ್ಣಾಂಶ 40 ಡಿಗ್ರಿ ದಾಟಿ, ಮಾತು ತೊದಲಿ, ಪ್ರಜ್ಞೆ ತಪ್ಪುತ್ತದೆ. ಆಗ ಪ್ರತಿ ನಿಮಿಷವೂ ಅಮೂಲ್ಯ: ಆ್ಯಂಬುಲೆನ್ಸ್ ಬರುವ ತನಕ ಕಾಯದೆ ಮೈಯನ್ನೆಲ್ಲ ತಣ್ಣೀರಿನಲ್ಲಿ ತೋಯಿಸಿ, ಸಾಧ್ಯವಾದರೆ ತಣ್ಣೀರಿನ ತೊಟ್ಟಿಯಲ್ಲೇ ಮಲಗಿಸಿ ತಂಪು ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಈ ತತ್ತ್ವಗಳನ್ನು ಯಾರೂ ಬರೆದಿಡುವ ಮೊದಲೇ ಕಟ್ಟಡ ಕಟ್ಟುವವರು ಅವುಗಳನ್ನು ಬಳಸಿಕೊಂಡಿದ್ದರು. ಇರಾನಿನ ಯಜ್ದ್ ನಗರದ ಗಾಳಿಗೋಪುರಗಳು ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಮನೆಯೊಳಕ್ಕೆ, ಕೆಲವೆಡೆ ನೀರಿನ ಕೊಳದ ಮೇಲಕ್ಕೆ ಇಳಿಸುತ್ತವೆ. ದಪ್ಪ ಮಣ್ಣಿನ ಗೋಡೆಗಳು ಹಗಲಿನ ಶಾಖವನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತವೆ. ಆದರೆ ಇವೆಲ್ಲ ಒಣ ಹವೆಗೆ, ರಾತ್ರಿ ತಂಪಾಗುವ ಊರುಗಳಿಗೆ ಒಪ್ಪುವ ಉಪಾಯಗಳು. ಕರಾವಳಿಯ ಸೆಕೆಯಲ್ಲಿ ದಪ್ಪ ಗೋಡೆಗಿಂತ ಧಾರಾಳವಾಗಿ ಗಾಳಿಯಾಡುವ ಕಿಟಕಿಗಳೇ ಮೇಲು. ಹಳೆಯದೆಲ್ಲ ಒಳ್ಳೆಯದು ಎಂಬ ಉತ್ಸಾಹದಲ್ಲಿ ಈ ಭೇದವನ್ನು ಮರೆಯುವವರು ಬಹಳ.

ಅಳತೆಗೆ ಹೊಸ ದಾರಿ ತೆರೆದದ್ದು ಗಣಿಗಳು. ಬ್ರಿಟನ್ನಿನ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಕಾರ್ನ್‌ವಾಲ್‌ನ ಆಳದ ಗಣಿಗಳ ಬಿಸಿಯಲ್ಲಿ ದೇಹ ಹೇಗೆ ವರ್ತಿಸುತ್ತದೆ ಎಂಬುದನ್ನು ಅಧ್ಯಯನ ಮಾಡಿ 1905ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ಪ್ರಕಾರ ಮುಖ್ಯವಾದುದು ಸಾಮಾನ್ಯ ಥರ್ಮಾಮೀಟರಿನ ಅಂಕಿಯಾಗಿರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಅಂಕಿ, ಅಂದರೆ ವೆಟ್ ಬಲ್ಬ್ ಉಷ್ಣಾಂಶ. ಆವಿಯಾಗುವಿಕೆಯಿಂದ ಎಷ್ಟರಮಟ್ಟಿಗೆ ತಂಪಾಗಲು ಸಾಧ್ಯ ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ಗಾಳಿ ಅಲುಗಾಡದ ಜಾಗದಲ್ಲಿ ಅದು ಸುಮಾರು 31 ಡಿಗ್ರಿ ದಾಟಿದರೆ ಸುಮ್ಮನೆ ಕುಳಿತವರ ಮೈಯೂ ಕಾಯತೊಡಗುತ್ತದೆ, ದುಡಿಯುವವರಿಗೆ ಈ ಮಿತಿ ಇನ್ನೂ ಬಹಳ ಕೆಳಗಿದೆ ಎಂದು ಅವರು ಗುರುತಿಸಿದರು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಆದರೂ ಹವಾಮಾನದ ಮುನ್ಸೂಚನೆಗಳು ಅದನ್ನು ಬದಿಗಿಟ್ಟೇ ದಶಕಗಳನ್ನು ಕಳೆದವು.

ಇದೇ ಹೊತ್ತಿಗೆ ತೇವಾಂಶದ ಸಮಸ್ಯೆಗೆ ಯಂತ್ರದ ಉತ್ತರವೂ ಸಿಕ್ಕಿತ್ತು, ಆದರೆ ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ, ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರದಿದ್ದಾಗ, ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದರು. ಏಸಿಯ ವಂಶಾವಳಿ ಅಲ್ಲಿಂದ ಶುರುವಾಗುತ್ತದೆ. ಅದು ಜೀವ ಉಳಿಸುವ ಸಾಧನ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನ ಅತ್ಯಂತ ಬಿಸಿಯಾದ ಪ್ರದೇಶಗಳಲ್ಲಿರುವ 280 ಕೋಟಿ ಜನರ ಪೈಕಿ ಶೇ. 8ರಷ್ಟು ಮಂದಿಗೆ ಮಾತ್ರ ಏಸಿ ಇತ್ತು. ಜೊತೆಗೆ ಒಳಗಿನ ಶಾಖವನ್ನು ಹೊರಗಿನ ಬೀದಿಗೆ ಸುರಿದೇ ಅದು ಕೋಣೆಯನ್ನು ತಂಪು ಮಾಡುತ್ತದೆ. ಬೀದಿಯಲ್ಲೇ ಬದುಕುವವರಿಗೆ ಅದು ಉತ್ತರವಾಗಲಾರದು.

ಹಾಲ್ಡೇನ್ ಅವರ ಅರಿವು ನಿಯಮವಾಗಿ ರೂಪುಗೊಂಡದ್ದು ಸೈನ್ಯದಲ್ಲಿ. ಅಮೆರಿಕದ ಮೆರೀನ್ ದಳದ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಹೊಸ ಯೋಧರು ಬಿಸಿಲಿಗೆ ಸಿಕ್ಕಿ ಆಸ್ಪತ್ರೆ ಸೇರುತ್ತಿದ್ದಾಗ, ಯಾಗ್ಲೂ ಮತ್ತು ಮಿನಾರ್ಡ್ ಎಂಬ ಇಬ್ಬರು ಸಂಶೋಧಕರು 1957ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು: ವೆಟ್ ಬಲ್ಬ್ ಅಂಕಿಗೆ ಶೇ. 70, ಬಿಸಿಲಿನ ವಿಕಿರಣವನ್ನು ಹೀರುವ ಕಪ್ಪು ಗೋಳದ ಅಂಕಿಗೆ ಶೇ. 20, ಸಾಮಾನ್ಯ ಥರ್ಮಾಮೀಟರಿಗೆ ಬರಿಯ ಶೇ. 10 ತೂಕ. ಡಬ್ಲ್ಯುಬಿಜಿಟಿ ಎಂದು ಕರೆಯುವ ಈ ಸೂಚ್ಯಂಕ ಮಿತಿ ಮೀರಿದ ದಿನ ಕವಾಯತು ನಿಲ್ಲಿಸತೊಡಗಿದ ಮೇಲೆ ಕಾಯಿಲೆ ಬೀಳುವವರ ಸಂಖ್ಯೆ ಇಳಿಯಿತು. ನಮ್ಮ ಸುದ್ದಿಗಳಲ್ಲಿ ಪೂರ್ತಿ ತೂಕ ಪಡೆಯುವ ಸಂಖ್ಯೆಗೆ ಈ ಸೂತ್ರದಲ್ಲಿ ಹತ್ತನೆಯ ಒಂದು ಪಾಲಷ್ಟೇ ಇದೆ ಎಂಬುದನ್ನು ಗಮನಿಸಬೇಕು.

ಊರಿಗೆ ಊರೇ ಎಚ್ಚೆತ್ತುಕೊಳ್ಳಲು ಮಾತ್ರ ದೊಡ್ಡ ದುರಂತಗಳೇ ಬೇಕಾದವು. 1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಒಂದೇ ವಾರದ ಸೆಕೆಗೆ ಎಂದಿಗಿಂತ 739 ಮಂದಿ ಹೆಚ್ಚು ಸತ್ತರು. ಶವಾಗಾರದಲ್ಲಿ ಜಾಗ ಸಾಲದೆ ಶೀತಲೀಕರಣದ ಲಾರಿಗಳನ್ನು ತರಿಸಿ ನಿಲ್ಲಿಸಬೇಕಾಯಿತು. ಸತ್ತವರಲ್ಲಿ ಅನೇಕರು ಒಂಟಿಯಾಗಿ ವಾಸಿಸುತ್ತಿದ್ದ ವೃದ್ಧರು. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಫ್ರಾನ್ಸ್ ಒಂದರಲ್ಲೇ ಸುಮಾರು 15,000. ಮರುವರ್ಷವೇ ಆ ದೇಶ ರಾಷ್ಟ್ರೀಯ ಯೋಜನೆಯೊಂದನ್ನು ಜಾರಿಗೆ ತಂದಿತು. ಮೂರು ದಿನ ಹಗಲು ಸುಟ್ಟರೂ ರಾತ್ರಿ ತಂಪಾದರೆ ದೇಹ ಚೇತರಿಸಿಕೊಳ್ಳುತ್ತದೆ, ರಾತ್ರಿಯೂ ಧಗೆ ಇಳಿಯದಿದ್ದರೆ ಚೇತರಿಕೆಗೆ ಅವಕಾಶವೇ ಇರುವುದಿಲ್ಲ ಎಂಬ ಅರಿವಿನಿಂದ, ಅಲ್ಲಿನ ಎಚ್ಚರಿಕೆಯು ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಬಿಸಿ ನಾಡುಗಳ ಮಟ್ಟಿಗೆ ತಿರುವು ಬಂದದ್ದು ಅಹಮದಾಬಾದಿನಲ್ಲಿ. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಸಾವಿನ ದಾಖಲೆಗಳನ್ನು ಬಳಿಕ ಹೋಲಿಸಿ ನೋಡಿದಾಗ, ಆ ತಿಂಗಳು 1,344 ಹೆಚ್ಚುವರಿ ಸಾವುಗಳಾಗಿದ್ದುದು ಗೊತ್ತಾಯಿತು. ಅಲ್ಲಿನ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕ ತಾರಸಿಯ ನೇರ ಕೆಳಗಿನ ಮಹಡಿಯಲ್ಲಿತ್ತು. ಹಗಲಿಡೀ ಕಾದ ತಾರಸಿಯ ಶಾಖ, ಹುಟ್ಟಿ ಕೆಲವೇ ದಿನಗಳಾದ, ಬೆವರಲೂ ಸರಿಯಾಗಿ ಬಾರದ ಕೂಸುಗಳ ಮೇಲೆ ಇಳಿಯುತ್ತಿತ್ತು. ಘಟಕವನ್ನು ಕೆಳಗಿನ ಮಹಡಿಗೆ ಸ್ಥಳಾಂತರಿಸಿದ ಮೇಲೆ ಬಿಸಿಯಿಂದ ಅಸ್ವಸ್ಥರಾಗಿ ದಾಖಲಾಗುವ ಶಿಶುಗಳ ಸಂಖ್ಯೆ ಕಡಿಮೆಯಾಯಿತು. ಹೊಸ ಯಂತ್ರ ಬೇಕಾಗಲಿಲ್ಲ. ಶಾಖ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ನೋಡಬೇಕಿತ್ತು, ಅಷ್ಟೆ. 2013ರಲ್ಲಿ ನಗರವು ದಕ್ಷಿಣ ಏಷ್ಯಾದ ಮೊದಲ ಉಷ್ಣ ಕ್ರಿಯಾ ಯೋಜನೆಯನ್ನು ಜಾರಿಗೊಳಿಸಿತು: ಮುಂಗಡ ಎಚ್ಚರಿಕೆ, ವೈದ್ಯ ಸಿಬ್ಬಂದಿಗೆ ತರಬೇತಿ, ಸಾರ್ವಜನಿಕ ಸ್ಥಳಗಳಲ್ಲಿ ಕುಡಿಯುವ ನೀರು. ಅದರಿಂದ ವರ್ಷಕ್ಕೆ ಸರಾಸರಿ 1,100ಕ್ಕೂ ಹೆಚ್ಚು ಸಾವುಗಳು ತಪ್ಪಿದವೆಂದು ನಂತರದ ಅಧ್ಯಯನವೊಂದು ಅಂದಾಜು ಮಾಡಿತು. ತಾರಸಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಬಳಿಕ ಇದರೊಂದಿಗೆ ಸೇರಿಕೊಂಡಿತು.

ಮನುಷ್ಯ ಎಷ್ಟು ಸೆಕೆಯನ್ನು ತಾಳಬಲ್ಲ ಎಂಬ ಪ್ರಶ್ನೆ ಈ ನಡುವೆ ಮತ್ತೆ ಎದ್ದಿತು. ವೆಟ್ ಬಲ್ಬ್ ಉಷ್ಣಾಂಶ 35 ಡಿಗ್ರಿಯಲ್ಲಿ ಕೆಲವು ಗಂಟೆ ಮುಂದುವರಿದರೆ, ನೆರಳಿನಲ್ಲಿ ಕೂತ ಆರೋಗ್ಯವಂತರೂ ಬದುಕುಳಿಯಲಾರರು ಎಂದು ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಪಾಕಿಸ್ತಾನದ ಜಾಕೋಬಾಬಾದ್ ಮತ್ತು ಅರಬ್ ಸಂಯುಕ್ತ ಸಂಸ್ಥಾನದ ರಾಸ್ ಅಲ್ ಖೈಮಾಗಳಲ್ಲಿ ಈ ಗಡಿ ಅಲ್ಪ ಹೊತ್ತಿನ ಮಟ್ಟಿಗೆ ಈಗಾಗಲೇ ದಾಟಿದೆ ಎಂದು 2020ರ ಅಧ್ಯಯನವೊಂದು ದಾಖಲಿಸಿತು. ಆದರೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ ಸುಮಾರು 30.6 ಡಿಗ್ರಿಗೇ ದೇಹದ ಸಮತೋಲನ ತಪ್ಪತೊಡಗಿತು. ಹಾಲ್ಡೇನ್ ನೂರು ವರ್ಷಗಳಿಗೂ ಹಿಂದೆ ಹೇಳಿದ ಅಂಕಿಗೆ ಇದು ಎಷ್ಟು ಹತ್ತಿರವಿದೆ!

ಇಂದು ಈ ವಿಷಯದ ನಿಜವಾದ ಕಣ ದುಡಿಮೆ. ನಿಕರಾಗುವಾ, ಎಲ್ ಸಾಲ್ವಡಾರ್‌ಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇಲ್ಲದ ಯುವ ಕೂಲಿಗಳ ಮೂತ್ರಪಿಂಡಗಳು ಹಾಳಾಗುತ್ತಿರುವುದು ಕಳೆದ ಎರಡು ದಶಕಗಳಲ್ಲಿ ಬೆಳಕಿಗೆ ಬಂತು. ಬಿಸಿಯಲ್ಲಿ ವಿರಾಮವಿಲ್ಲದ ಕಠಿಣ ದುಡಿಮೆ ಅದರ ಮುಖ್ಯ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ. ನೀರು, ನೆರಳು ಮತ್ತು ಕಡ್ಡಾಯ ವಿರಾಮ ಒದಗಿಸಿದ ಕಡೆ ಹಾನಿ ತಗ್ಗಿದೆ. ಇವುಗಳಲ್ಲಿ ವಿರಾಮವೇ ಮುಖ್ಯ, ಮತ್ತು ಸಿಗುವುದು ಅತಿ ಕಷ್ಟವಾದದ್ದೂ ಅದೇ, ಏಕೆಂದರೆ ಕಡಿದ ಕಬ್ಬಿನ ತೂಕಕ್ಕೆ ಕೂಲಿ ಪಡೆಯುವವರಿಗೆ ನೆರಳಿನಲ್ಲಿ ಕೂತ ಪ್ರತಿ ನಿಮಿಷವೂ ನಷ್ಟ. ಕತಾರ್ ದೇಶ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ನಿಷೇಧಿಸಿದೆ. ಗಂಟೆ ಯಾವುದೇ ಇರಲಿ, ಡಬ್ಲ್ಯುಬಿಜಿಟಿ 32.1 ಡಿಗ್ರಿ ಮೀರಿದರೆ ಕೆಲಸ ನಿಲ್ಲಿಸಲೇಬೇಕು. ಯೋಧರಿಗಾಗಿ ಹುಟ್ಟಿದ ಸೂಚ್ಯಂಕ ಕೂಲಿಕಾರರ ಕಾನೂನಾಗಲು ಅರವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು.

ಕೆಲಸ ನಿಲ್ಲಿಸೆಂದು ಹೇಳುವ ಮಾಲೀಕನೇ ಇಲ್ಲದವರ ಪಾಡು ಇನ್ನೂ ಬಗೆಹರಿದಿಲ್ಲ. ತಲೆಹೊರೆ ವ್ಯಾಪಾರಿಗಳು, ಚಿಂದಿ ಆಯುವವರು, ತಗಡಿನ ಸೂರಿನಡಿ ಮನೆಯಲ್ಲೇ ಹೊಲಿಗೆ ಮಾಡುವ ಮಹಿಳೆಯರು ಯಾವ ನಿಷೇಧಾಜ್ಞೆಯ ವ್ಯಾಪ್ತಿಗೂ ಬರುವುದಿಲ್ಲ. ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ ಸೇವಾ 2023ರಲ್ಲಿ ಗುಜರಾತಿನಲ್ಲಿ ಇಂಥವರಿಗಾಗಿ ಬಿಸಿಲಿನ ವಿಮೆಯನ್ನು ಆರಂಭಿಸಿತು: ಉಷ್ಣಾಂಶ ನಿಗದಿತ ಮಿತಿಯನ್ನು ದಾಟಿದರೆ ಕಳೆದುಹೋದ ದುಡಿಮೆಗೆ ಪ್ರತಿಯಾಗಿ ಹಣ ನೇರವಾಗಿ ಖಾತೆಗೆ ಬರುತ್ತದೆ. ಮೊದಲ ವರ್ಷ ಆ ಮಿತಿ ತಲುಪದೆ ಯಾರಿಗೂ ಹಣ ಸಿಗಲಿಲ್ಲ. ಯೋಜನೆಯನ್ನು ತಿದ್ದಿ ವಿಸ್ತರಿಸಿದ ಬಳಿಕ, 2024ರ ಬೇಸಿಗೆಯಲ್ಲಿ 46,000ಕ್ಕೂ ಹೆಚ್ಚು ಮಹಿಳೆಯರಿಗೆ ಪರಿಹಾರ ದೊರೆಯಿತು. ಯಾವ ಅಂಕಿಗೆ, ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ಅಳೆದ ಉಷ್ಣಾಂಶಕ್ಕೆ ಹಣ ಸಲ್ಲಬೇಕು ಎಂಬುದು ಇಂಥ ಯೋಜನೆಗಳ ಮುಂದಿರುವ ಮುಖ್ಯ ಪ್ರಶ್ನೆ. ವಿಮಾನ ನಿಲ್ದಾಣದ ಹವಾಮಾನ ಕೇಂದ್ರ ನೆರಳಿನಲ್ಲಿ ಅಳೆಯುವ ಬಿಸಿಗೂ ತಗಡಿನ ಸೂರಿನ ಕೆಳಗೆ ರಾತ್ರಿ ಉಳಿಯುವ ಬಿಸಿಗೂ ಸಂಬಂಧ ಕಡಿಮೆ, ಮತ್ತು ಆ ಸೂರಿನ ಕೆಳಗಿನ ರಾತ್ರಿಯ ಉಷ್ಣಾಂಶವನ್ನು ನಿತ್ಯವೂ ಅಳೆದು ದಾಖಲಿಸುವ ವ್ಯವಸ್ಥೆ ಬಹುತೇಕ ನಗರಗಳಲ್ಲಿ ಇನ್ನೂ ಇಲ್ಲ.