ಎಫ್‌ಐ ಕಿತ್ತು ಕಾರ್ಬೊರೇಟರ್ ಹಾಕಬೇಕಾ?

ಸೈಲೆನ್ಸರ್ ಬದಲಾಯಿಸಿಕೊಂಡ ಬುಲೆಟ್ ಮಾಲೀಕರು ವರ್ಕ್‌ಶಾಪಿಗೆ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಆಕ್ಸಿಲರೇಟರ್ ಬಿಟ್ಟರೆ ಪಟಪಟ ಅನ್ನುತ್ತೆ, ಕಾಲಿಗೆ ಬಿಸಿ ಹೊಡೆಯುತ್ತೆ, ಪಿಕಪ್ಪೂ ಮೊದಲಿನ ಹಾಗಿಲ್ಲ. ‘ಅಣ್ಣ, ಈ ಎಫ್‌ಐ ಸಹವಾಸವೇ ಬೇಡ. ಒಂದು ಕಾರ್ಬೊರೇಟರ್ ಕೂರಿಸಿಬಿಡಿ.’ ಎಫ್‌ಐ ಅಂದರೆ ಫ್ಯೂಯಲ್ ಇಂಜೆಕ್ಷನ್. ಅದೂ ಕಾರ್ಬೊರೇಟರೂ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಎರಡು ದಾರಿ. ಆ ಕಡೆ ಹಳೆಯ ಟೂ ಸ್ಟ್ರೋಕ್ ಯಮಹಾ ಆರ್‌ಎಕ್ಸ್100 ಇಟ್ಟುಕೊಂಡ ಹುಡುಗರು ತಮ್ಮ ಗಾಡಿಗೆ ಎಫ್‌ಐ ಹಾಕಿಸಿದರೆ ಹೇಗೆ ಅಂತ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಗಾಡಿ ಫ್ಯಾಕ್ಟರಿಯಿಂದ ಯಾವುದರ ಜೊತೆ ಬಂತೋ ಅದನ್ನೇ ಇಟ್ಟುಕೊಳ್ಳಿ. ದುಡ್ಡನ್ನು ಟ್ಯೂನಿಂಗಿಗೆ ಹಾಕಿ.

ಕಾರ್ಬೊರೇಟರ್ ಕೆಲಸ ಸರಳ. ಎಂಜಿನ್ ಗಾಳಿ ಎಳೆಯುತ್ತದೆ, ಆ ಸೆಳೆತಕ್ಕೆ ಜೆಟ್ ಅನ್ನುವ ಪುಟ್ಟ ಬಿಡಿಭಾಗದ ತೂತಿನಿಂದ ಪೆಟ್ರೋಲ್ ಮೇಲೆ ಬರುತ್ತದೆ. ಎಫ್‌ಐನಲ್ಲಿ ಗಾಳಿಯ ಒತ್ತಡ, ಥ್ರಾಟಲ್, ಬಿಸಿ ಇವನ್ನೆಲ್ಲ ಸೆನ್ಸರ್‌ಗಳು ಅಳೆಯುತ್ತವೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಇಸಿಯು, ಅಂದರೆ ಗಾಡಿಯ ಪುಟ್ಟ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಹೊಗೆಯನ್ನು ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್, ಗಾಳಿಯನ್ನು ಸಲೀಸಾಗಿ ಬಿಡುವ ಕೋನ್ ಫಿಲ್ಟರ್ ಹಾಕಿದಾಗ ಎರಡರ ಲೆಕ್ಕವೂ ತಪ್ಪುತ್ತದೆ. ‘ಎಫ್‌ಐ ತಾನಾಗಿ ಅಡ್ಜಸ್ಟ್ ಮಾಡಿಕೊಳ್ಳುತ್ತೆ’ ಅನ್ನುವುದು ಅರ್ಧ ಸತ್ಯ. ಒಂದೇ ಸಮ ವೇಗದಲ್ಲಿ ಹೋಗುವಾಗ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಓ2 ಸೆನ್ಸರ್ ಮಾತು ಕೇಳಿ ಸರಿಮಾಡಿಕೊಳ್ಳುತ್ತದೆ. ಆದರೆ ಪೂರ್ತಿ ಥ್ರಾಟಲ್ ತಿರುವಿದಾಗ ಇಸಿಯು ಆ ಸೆನ್ಸರ್ ಬಿಟ್ಟು, ತನ್ನೊಳಗೆ ಬರೆದಿಟ್ಟ ಮ್ಯಾಪ್, ಅಂದರೆ ಪೆಟ್ರೋಲ್ ಲೆಕ್ಕದ ಪಟ್ಟಿ, ನೋಡುತ್ತದೆ. ಆ ಮ್ಯಾಪಿಗೆ ನಿಮ್ಮ ಹೊಸ ಸೈಲೆನ್ಸರ್ ಗೊತ್ತಿಲ್ಲ.

ಈಚೆಗೆ ಬಂದ ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ನೋಡಿ, ಬಿಎಸ್4 ಅನ್ನುವ ಹೊಗೆ ನಿಯಮದ ಕಾಲದ ಎಫ್‌ಐ ಗಾಡಿ. ಮಾಲೀಕರು ಕಾರ್ಬೊರೇಟರ್ ಕೈಯಲ್ಲೇ ಹಿಡಿದು ಬಂದಿದ್ದರು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ ಮಸಿ. ಲೀನ್ (ಪೆಟ್ರೋಲ್ ಕಮ್ಮಿ) ಆಗಿದೆ ಅಂತ ಅವರು, ಪ್ಲಗ್ ನೋಡಿದರೆ ರಿಚ್ (ಪೆಟ್ರೋಲ್ ಜಾಸ್ತಿ). ಸೈಲೆನ್ಸರಿನ ಬೆಂಡ್ ಪೈಪ್ ಎಂಜಿನ್ ಹೆಡ್ಡಿಗೆ ಸೇರುವ ಜಾಗದಲ್ಲಿ ಸುತ್ತಲೂ ಕಪ್ಪು ಗೆರೆ ಕಾಣಿಸಿತು. ತಣ್ಣಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿ ಅಲ್ಲಿಗೆ ಸೋಪ್ ನೀರು ಬಿಟ್ಟೆ. ಬುಳುಬುಳು ಗುಳ್ಳೆ! ಪೈಪ್ ಬದಲಾಯಿಸಿದವರು ಹಳೆಯ ಗ್ಯಾಸ್ಕೆಟ್ಟನ್ನೇ ಒತ್ತಿ ಕೂರಿಸಿದ್ದರು. ಹೊಗೆ ಸೋರುತ್ತಿದ್ದ ಆ ಸಂದಿಯಲ್ಲೇ ಹೊರಗಿನ ಗಾಳಿಯೂ ಒಳಗೆ ಹೋಗುತ್ತಿತ್ತು. ಓ2 ಸೆನ್ಸರ್‌ಗೆ ಆಮ್ಲಜನಕ ಜಾಸ್ತಿ ಕಂಡು, ಇಸಿಯು ಸುಮ್ನೆ ಪೆಟ್ರೋಲ್ ಸುರಿಯುತ್ತಿತ್ತು. ಉರಿಯದೆ ಉಳಿದ ಪೆಟ್ರೋಲ್ ಅದೇ ಗಾಳಿ ಸಿಕ್ಕಿ ಪೈಪಿನೊಳಗೆ ಹೊತ್ತಿಕೊಳ್ಳುವುದೇ ಆ ಪಟಪಟ. ಹೊಸ ಗ್ಯಾಸ್ಕೆಟ್ ಹಾಕಿ, ಕೋನ್ ಫಿಲ್ಟರ್ ತೆಗೆದು ಕಂಪನಿ ಏರ್‌ಬಾಕ್ಸ್ ವಾಪಸ್ ಕೂರಿಸಿದೆ. ಕಾರ್ಬೊರೇಟರ್ ಅವರ ಮನೆಗೇ ವಾಪಸ್ ಹೋಯಿತು.

ಇದಾದ ಮೇಲೂ ಪೂರ್ತಿ ಥ್ರಾಟಲ್‌ನಲ್ಲಿ ಲೀನ್ ಅನಿಸಿದರೆ ಪಿಗ್ಗಿಬ್ಯಾಕ್ ಇಸಿಯು ಇದೆ. ಬೆಂಗಳೂರಿನದೇ ಆದ ಪವರ್‌ಟ್ರಾನಿಕ್ ಅಂಥದ್ದು. ಕಂಪನಿ ಇಸಿಯು ಕೊಡುವ ಸಿಗ್ನಲನ್ನು ನಡುವೆ ಹಿಡಿದು ತಿದ್ದುತ್ತದೆ. ಆದರೆ ಗಾಡಿಯ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿ ಮ್ಯಾಪ್ ಮಾಡಿಸದಿದ್ದರೆ ಅದೂ ದಂಡವೇ.

ಕಾರ್ಬೊರೇಟರ್ ಗಾಡಿಯವರಿಗೆ ಈಗ ಬೇರೆ ತಲೆನೋವು: ಇ20. ತೂಕದ ಲೆಕ್ಕದಲ್ಲಿ ಶುದ್ಧ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು. ಶೇ 20 ಎಥನಾಲ್ ಸೇರಿದರೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಇನ್ನಷ್ಟು ಪೆಟ್ರೋಲ್ ಬೇಕು. ಜೆಟ್ಟಿನ ತೂತು ಮಾತ್ರ ಇದ್ದಷ್ಟೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಶೇ 8ರಷ್ಟು ತೆಳು. ಹಾಗಾಗಿ ಲೀನ್ ಆಗಿದ್ದು ಇಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಶಿರಾಡಿ ಘಾಟ್ ಇಳಿದು ಮಂಗಳೂರಿನ ದಪ್ಪ ಗಾಳಿಗೆ ಬಂದಾಗ ಬಣ್ಣ ಬಯಲಾಗುತ್ತದೆ. ಅದರಲ್ಲೂ ಟೂ ಸ್ಟ್ರೋಕ್ ಗಾಡಿ ಲೀನ್ ಆಗಿ ಓಡಿದರೆ ಪಿಸ್ಟನ್ನೇ ಸೀಜ್ ಆಗಬಹುದು.

ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವುದು ಕಾಲು ಥ್ರಾಟಲ್‌ವರೆಗೆ ಪೈಲಟ್ ಜೆಟ್, ನಡುವೆ ನೀಡಲ್, ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್. ಎಲ್ಲಿ ಎಳೆಯುತ್ತಿಲ್ಲ ಅಂತ ನೋಡಿ ಅದನ್ನಷ್ಟೇ ಮುಟ್ಟಿ. ಖಾಲಿ ರಸ್ತೆಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ. ಕಾಫಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ಏರಿಸಿ. ಕೈಹಿನ್ ಕಂಪನಿಯ ಜೆಟ್ ಮೇಲೆ 100 ಅಂತಿದ್ದರೆ ತೂತು 1 ಮಿ.ಮೀ. 105 ಅಂದರೆ 1.05. ಕಣ್ಣಿಗೆ ಕಾಣದ ವ್ಯತ್ಯಾಸ, ಆದರೆ ತೂತಿನ ವಿಸ್ತಾರ ಶೇ 10ರಷ್ಟು ಜಾಸ್ತಿ. ಮಿಕುನಿ ಕಂಪನಿಯ ನಂಬರಿನ ಲೆಕ್ಕವೇ ಬೇರೆ, ಎರಡನ್ನೂ ಹೋಲಿಸಬೇಡಿ. ಇಷ್ಟು ಸೂಕ್ಷ್ಮ ತೂತಿಗೆ ತಂತಿ ತೂರಿಸಿ ಕ್ಲೀನ್ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಎಫ್‌ಐ ನಿಜವಾಗಿ ಗೆಲ್ಲುವುದು ಬೆಟ್ಟದಲ್ಲಿ. ಐದು ಸಾವಿರ ಮೀಟರ್ ದಾಟಿದ ಲಡಾಖಿನ ಪಾಸ್‌ಗಳಲ್ಲಿ ಗಾಳಿ ಹೆಚ್ಚುಕಡಿಮೆ ಶೇ 40ರಷ್ಟು ತೆಳು. ಕಾರ್ಬೊರೇಟರ್ ಗಾಡಿ ಅಲ್ಲಿ ರಿಚ್ ಆಗಿ ಕಪ್ಪು ಹೊಗೆ ಬಿಟ್ಟುಕೊಂಡು ತೆವಳುತ್ತದೆ. ಎಫ್‌ಐ ಗಾಡಿಗೂ ಶಕ್ತಿ ಕಮ್ಮಿಯಾಗುತ್ತೆ, ಆದರೆ ಮಿಶ್ರಣ ಕೆಡುವುದಿಲ್ಲ.

ಇಷ್ಟಾದರೂ ಬದಲಾಯಿಸಲೇಬೇಕು ಅನ್ನುವವರು ಕೆಲಸದ ಉದ್ದ ತಿಳಿದಿರಲಿ. ಎಫ್‌ಐ ಗಾಡಿಯಲ್ಲಿ ಸ್ಪಾರ್ಕ್ ಕೊಡುವುದೂ ಅದೇ ಇಸಿಯು. ಅದನ್ನು ಕಿತ್ತರೆ ಸ್ಪಾರ್ಕ್ ಕೊಡಲು ಸಿಡಿಐನಂಥ ಬೇರೆ ಡಬ್ಬಿ ಹೊಂದಿಸಬೇಕು, ಟ್ಯಾಂಕಿನ ತಳದಲ್ಲಿ ಪಂಪ್ ಕೂತ ಜಾಗ ಮುಚ್ಚಿ ಪೆಟ್ರೋಲ್ ಕಾಕ್ ಕೂರಿಸಬೇಕು. ಕಾನೂನೂ ಇದೆ. ಕಂಪನಿ ಕೊಟ್ಟ ರೂಪ ಬಿಟ್ಟು, ಕಾನೂನು ಒಪ್ಪದ ಹಾಗೆ ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಿಎಸ್6 ಗಾಡಿಯಲ್ಲಿ ಈ ಕೆಲಸ ನಾನು ಒಪ್ಪಿಕೊಳ್ಳುವುದೇ ಇಲ್ಲ.

ಆರ್‌ಎಕ್ಸ್100ಗೆ ಎಫ್‌ಐ ಅಂದರೆ ಇನ್ನೂ ದೂರದ ದಾರಿ. ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಹೇಳಲು ಹಲ್ಲಿನ ಚಕ್ರ ಮತ್ತು ಸೆನ್ಸರ್, ಸುಮಾರು 3 ಬಾರ್ ಒತ್ತಡದ ಪಂಪ್, ಅದಕ್ಕೆ ಸಾಕಾಗುವಷ್ಟು ಚಾರ್ಜಿಂಗ್, ಹೊಸ ವೈರಿಂಗ್, ಕೊನೆಗೆ ಸೊನ್ನೆಯಿಂದ ಬರೆಯಬೇಕಾದ ಮ್ಯಾಪ್. ಟ್ರ್ಯಾಕಿಗೆ ಮಾತ್ರ ಒಯ್ಯುವ ಗಾಡಿ, ಜೊತೆಗೆ ಲ್ಯಾಪ್‌ಟಾಪ್ ಹಿಡಿದು ಕೂರುವ ಟ್ಯೂನರ್ ಇದ್ದರೆ ಮಾಡಿಸಿ, ಬೇಡ ಅನ್ನಲ್ಲ. ದಿನಾ ಆಫೀಸಿಗೆ ಹೋಗುವ ಗಾಡಿಗಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ ಜೆಟ್, ಫ್ಲೋಟ್ ವಾಲ್ವ್, ಹೊಸ ರಬ್ಬರ್ ಬೂಟ್ ತಂದುಕೊಡಿ. ಡೂಪ್ಲಿಕೇಟ್ ತಂದರೆ ಮಾತ್ರ ನಾನು ಹಾಕುವುದಿಲ್ಲ.