ಮನೆಯ ಜೊತೆಗೆ ಬರುವ ಋಣ: ‘ದ ಹೌಸ್ ಆಫ್ ದ ಸೆವೆನ್ ಗೇಬಲ್ಸ್’ ಕಾದಂಬರಿಯ ಅಧ್ಯಯನ ಟಿಪ್ಪಣಿ

ವಂಶದ ಹಳೆಯ ಮನೆ, ಅದರೊಳಗೊಂದು ಪ್ರೇತ, ಹೊರಊರಿನಿಂದ ಬಂದು ಅದರ ಹೊಸ್ತಿಲು ದಾಟುವ ಹದಿಹರೆಯದ ವಾರಸುದಾರಳು: ಎಳೆಯರ ಗಾಥಿಕ್ (ಭಯ, ನಿಗೂಢತೆಗಳ) ಕಾದಂಬರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಈ ಚೌಕಟ್ಟನ್ನು ಅರಿಯಲು, ಅಮೆರಿಕದ ನಥಾನಿಯಲ್ ಹಾಥಾರ್ನ್ 1851ರಲ್ಲಿ ಪ್ರಕಟಿಸಿದ ಈ ಕೃತಿಗಿಂತ ಒಳ್ಳೆಯ ಪಠ್ಯವನ್ನು ನಾನು ಓದಿಲ್ಲ. ಇದನ್ನು ಎಳೆಯರಿಗೆಂದೇ ಬರೆದದ್ದಲ್ಲ. ಆದರೂ ಆ ಕತ್ತಲ ಮನೆಗೆ ಬೆಳಕು ತರುವವಳು ಆ ಮನೆಯ ಒಡೆಯರಾದ ಪಿಂಚನ್ ವಂಶದ, ಹದಿನೇಳರ ಹಳ್ಳಿಯ ಹುಡುಗಿ ಫೀಬಿ. ಅವಳಿಗೆ ಎದುರಾಗಿ ನಿಲ್ಲುವ, ಆ ಮನೆಯ ಬಾಡಿಗೆದಾರ ಹೋಲ್‌ಗ್ರೇವ್‌ಗೆ ಇಪ್ಪತ್ತೆರಡು ವರ್ಷ. ಕಥೆಯ ಕೊನೆಯನ್ನೂ ಇಲ್ಲಿ ಚರ್ಚಿಸಿರುವುದರಿಂದ, ಕಾದಂಬರಿಯನ್ನು ಮೊದಲು ಓದಿ ಬರುವುದು ಒಳ್ಳೆಯದು.

ಗಾಥಿಕ್ ಕಥೆಯ ಪ್ರೇತಕ್ಕೂ ಆಸ್ತಿಯ ಹಕ್ಕಿಗೂ ಇರುವ ನಂಟು ಹಾಥಾರ್ನ್‌ಗಿಂತ ಹಳೆಯದು. ಹೊರೇಸ್ ವಾಲ್ಪೋಲ್‌ನ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ 1764ರಲ್ಲಿ ಬಂದಿತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದಕ್ಕೆ ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿತು. ಅಲ್ಲಿಯೂ ಅಜ್ಜ ಮೋಸದಿಂದ ಕಸಿದುಕೊಂಡ ಕೋಟೆಯನ್ನು ಮೊಮ್ಮಗ ಆಳುತ್ತಿರುತ್ತಾನೆ, ನಿಜವಾದ ಒಡೆಯನ ಪ್ರೇತವು ಕೋಟೆಯ ಗೋಡೆಗಳನ್ನೇ ಒಡೆದುಕೊಂಡು ಏಳುತ್ತದೆ. ಈ ಪ್ರಕಾರದಲ್ಲಿ ಪ್ರೇತ ಕಂಡಾಗಲೆಲ್ಲ ‘ಈ ನೆಲ ಮೊದಲು ಯಾರದಾಗಿತ್ತು?’ ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

ಹಾಥಾರ್ನ್‌ನ ಕಥೆಯಲ್ಲಿ ಆ ನೆಲ ಮ್ಯಾಥ್ಯೂ ಮೋಲ್ ಎಂಬ ಬಡವನದು. ಸಿಹಿನೀರಿನ ಒರತೆಯ ಪಕ್ಕದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಅವನ ಜಾಗದ ಮೇಲೆ ಕರ್ನಲ್ ಪಿಂಚನ್‌ನ ಕಣ್ಣು ಬೀಳುತ್ತದೆ. ಮಾಟಗಾರನೆಂಬ ಆರೋಪದ ಮೇಲೆ ಗಲ್ಲಿಗೇರುವ ಹೊತ್ತಿನಲ್ಲಿ ಮೋಲ್, ಕುದುರೆಯ ಮೇಲೆ ಕುಳಿತು ನೋಡುತ್ತಿದ್ದ ಕರ್ನಲ್‌ನತ್ತ ಬೆರಳು ತೋರಿ, ದೇವರು ಅವನಿಗೆ ಕುಡಿಯಲು ರಕ್ತವನ್ನೇ ಕೊಡುವನು ಎಂದು ಶಪಿಸುತ್ತಾನೆ. ಕರ್ನಲ್ ಅದೇ ನೆಲದಲ್ಲಿ, ಸತ್ತವನ ಮಗನನ್ನೇ ಮೇಸ್ತ್ರಿಯಾಗಿ ನೇಮಿಸಿಕೊಂಡು, ಏಳು ಗೇಬಲ್‌ಗಳ ಮನೆಯನ್ನು ಕಟ್ಟಿಸುತ್ತಾನೆ. (ಇಳಿಜಾರು ಸೂರಿನ ಎರಡು ಪಕ್ಕಗಳು ಸೇರುವಲ್ಲಿ ಏಳುವ ತ್ರಿಕೋನಾಕಾರದ ಗೋಡೆಯ ಭಾಗವೇ ಗೇಬಲ್.) ಗೃಹಪ್ರವೇಶದ ದಿನ ಅತಿಥಿಗಳೆಲ್ಲ ಬಂದು ಸೇರಿದಾಗ ಕರ್ನಲ್ ತನ್ನ ಭಾವಚಿತ್ರದ ಕೆಳಗೆ, ಗಡ್ಡದ ಮೇಲೆ ರಕ್ತ ಹರಿದ ಸ್ಥಿತಿಯಲ್ಲಿ, ಹೆಣವಾಗಿ ಕುಳಿತಿರುತ್ತಾನೆ. ಒರತೆಯ ನೀರೂ ಕೆಡುತ್ತದೆ.

ಈ ಶಾಪದ ಹಿಂದೆ ಚರಿತ್ರೆ ಇದೆ. ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿಯರ ವಿಚಾರಣೆಗಳಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಒಬ್ಬಳಾದ ಸಾರಾ ಗುಡ್, ಪಾದ್ರಿ ನಿಕೊಲಾಸ್ ನೋಯ್ಸ್‌ಗೆ ಇಂಥದೇ ಮಾತನ್ನು ಹೇಳಿದಳೆಂಬ ದಾಖಲೆಯಿದೆ. ಆ ವಿಚಾರಣೆಗಳ ನ್ಯಾಯಾಧಿಕಾರಿಗಳಲ್ಲಿ ಒಬ್ಬನಾದ ಜಾನ್ ಹಾಥಾರ್ನ್ ನಮ್ಮ ಲೇಖಕನ ಮುತ್ತಜ್ಜನ ತಂದೆ. ಸೇಲಂನಲ್ಲೇ 1804ರಲ್ಲಿ ಹುಟ್ಟಿದ ಲೇಖಕನು ಪಿಂಚನ್ ವಂಶದ ಪಾಪವನ್ನು ಬರೆಯುವಾಗ ತನ್ನ ಮನೆತನದ ಲೆಕ್ಕವನ್ನೂ ತೆರೆದಿಡುತ್ತಿದ್ದಾನೆ. ಈ ಕೃತಿಯ ದನಿಯಲ್ಲಿರುವ ಭಾರಕ್ಕೆ ಅದೇ ಕಾರಣವೆಂದು ನಾನು ನಂಬುತ್ತೇನೆ.

ಹಾಗಾದರೆ ಮನೆಯಲ್ಲಿ ನಿಜಕ್ಕೂ ಪ್ರೇತ ಇದೆಯೇ? ಪರೀಕ್ಷೆಯ ದೃಷ್ಟಿಯಿಂದಲೂ ಓದಿನ ಸುಖದ ದೃಷ್ಟಿಯಿಂದಲೂ ಹದಿನೆಂಟನೆಯ ಅಧ್ಯಾಯವನ್ನು ಎರಡು ಸಲ ಓದಬೇಕು. ತಲೆಮಾರುಗಳ ನಂತರ, ಕರ್ನಲ್ ಸತ್ತ ಅದೇ ಕುರ್ಚಿಯಲ್ಲಿ ಸತ್ತು ಕುಳಿತಿರುವ ಅವನ ವಂಶದ ನ್ಯಾಯಾಧೀಶ ಜಾಫ್ರಿ ಪಿಂಚನ್‌ನನ್ನು ನಿರೂಪಕನು ಬದುಕಿರುವವನೆಂಬಂತೆ ಮಾತನಾಡಿಸುತ್ತ, ಹೊತ್ತಾಯಿತು ಏಳು ಎಂದು ಒತ್ತಾಯಿಸುತ್ತಾನೆ. ನಡುರಾತ್ರಿ ಸತ್ತ ಪಿಂಚನ್‌ಗಳೆಲ್ಲ ಸಾಲಾಗಿ ಬಂದು ಭಾವಚಿತ್ರದ ಚೌಕಟ್ಟನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ನಿರೂಪಕನೇ ಅದೆಲ್ಲ ಬೆಳದಿಂಗಳು ಹುಟ್ಟಿಸಿದ ಕಲ್ಪನೆಯೆಂದು ಹಿಂದೆಗೆದುಕೊಳ್ಳುತ್ತಾನೆ. ಈ ಸಾವುಗಳು ವಂಶದಲ್ಲಿ ಇಳಿದು ಬಂದ ದೈಹಿಕ ಪ್ರವೃತ್ತಿಯ ಫಲವೆಂಬ ವಿವರಣೆಯೂ ಕೃತಿಯಲ್ಲಿದೆ. ಅಂದರೆ ಶಾಪವೆಂದರೂ ಸರಿ, ರೋಗವೆಂದರೂ ಸರಿ, ತಲೆಮಾರಿನಿಂದ ತಲೆಮಾರಿಗೆ ದಾಟುವ ಮಾತು ಸುಳ್ಳಾಗುವುದಿಲ್ಲ.

ಭಾವಚಿತ್ರದ ಹಿಂದೆ ಏನಿದೆ ಎಂಬುದೂ ಮುಖ್ಯ. ಮೇನ್ ಪ್ರಾಂತದ ಅಪಾರ ಭೂಮಿಗೆ ಸಂಬಂಧಿಸಿದ, ಮೂಲನಿವಾಸಿ ಮುಖಂಡರು ಬರೆದುಕೊಟ್ಟ ಹಕ್ಕುಪತ್ರಕ್ಕಾಗಿ ಪಿಂಚನ್‌ಗಳು ತಲೆಮಾರುಗಳ ಕಾಲ ಹಂಬಲಿಸುತ್ತಾರೆ. ಮನೆ ಕಟ್ಟಿದ ಮೇಸ್ತ್ರಿಯೇ ಅದನ್ನು ಗೋಡೆಯಲ್ಲಿ ಅಡಗಿಸಿರುತ್ತಾನೆ. ಕೊನೆಗೆ ಪತ್ರ ಸಿಕ್ಕಾಗ ಅದಕ್ಕೆ ಬೆಲೆಯೇ ಉಳಿದಿರುವುದಿಲ್ಲ.

ನನ್ನ ಮಟ್ಟಿಗೆ ಕಾದಂಬರಿಯ ಹೃದಯ ಇರುವುದು ತೋಟದ ಒಂದು ಸಂಜೆಯಲ್ಲಿ. ಹೋಲ್‌ಗ್ರೇವ್ ಡಾಗೆರೊಟೈಪ್ ಎಂಬ ಆ ಕಾಲದ ವಿಧಾನದಲ್ಲಿ ಭಾವಚಿತ್ರ ತೆಗೆಯುವವನು. ಮೋಲ್ ವಂಶದವನೆಂಬುದನ್ನು ಮುಚ್ಚಿಟ್ಟು ಆ ಮನೆಯಲ್ಲೇ ಬಾಡಿಗೆಗೆ ಇದ್ದಾನೆ. ಇನ್ನೊಬ್ಬರ ಮನಸ್ಸನ್ನು ವಶಮಾಡಿಕೊಳ್ಳುವ ಶಕ್ತಿ ಅವನಿಗೆ ವಂಶದಿಂದ ಬಂದಿದೆ. ಹಿಂದೆ ಅದೇ ಶಕ್ತಿಯಿಂದ ಒಬ್ಬ ಮೋಲ್ ಆಲಿಸ್ ಪಿಂಚನ್‌ಳ ಬಾಳನ್ನು ಹಾಳು ಮಾಡಿದ ಕಥೆಯನ್ನು ಅವನು ಫೀಬಿಗೆ ಓದಿ ಹೇಳುತ್ತಿರುವಾಗ ಅವಳ ರೆಪ್ಪೆಗಳು ಭಾರವಾಗುತ್ತವೆ. ಕೈಯ ಇನ್ನೊಂದು ಸನ್ನೆ ಸಾಕು, ಅವಳು ಅವನ ವಶವಾಗುತ್ತಾಳೆ. ಅವನು ಕೈಯನ್ನು ತಡೆಯುತ್ತಾನೆ. ಅನ್ಯಾಯ ಮಾಡಿದವರ ವಂಶಕ್ಕೆ ದುರಾಸೆ ಇಳಿದು ಬಂದಂತೆ ಅನ್ಯಾಯಕ್ಕೆ ಗುರಿಯಾದವರ ವಂಶಕ್ಕೆ ಸೇಡು ಇಳಿದು ಬಂದಿದೆ, ಅದನ್ನು ಒಬ್ಬ ತರುಣ ಇಲ್ಲಿ ಬೇಡವೆನ್ನುತ್ತಾನೆ. ಶಾಪ ಕಳಚುವುದು ಈ ಕ್ಷಣದಲ್ಲಿಯೇ. ಮುಂದೆ ಅವರಿಬ್ಬರ ಮದುವೆ ಅದರ ಪರಿಣಾಮ ಮಾತ್ರ.

ಮುಕ್ತಾಯ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಸಾರ್ವಜನಿಕ ಕಟ್ಟಡಗಳೂ ಕುಸಿದುಬೀಳಲಿ ಎಂದು ವಾದಿಸಿದ್ದ ಹೋಲ್‌ಗ್ರೇವ್, ಸತ್ತ ನ್ಯಾಯಾಧೀಶನಿಂದ ಬಂದ ಹಳ್ಳಿಮನೆಗೆ ಹೊರಡುವಾಗ, ಅದನ್ನು ಮರದ ಬದಲು ಕಲ್ಲಿನಲ್ಲಿ ಕಟ್ಟಬೇಕಿತ್ತೆಂದು ಹೇಳುತ್ತಾನೆ. ಹಳೆಯ ಮನೆ ಬಿಟ್ಟವರು ಹಳೆಯ ಹಣವನ್ನು ಬಿಡಲಿಲ್ಲ. ಆ ಮನೆಯಲ್ಲಿದ್ದ ವೃದ್ಧೆ ಹೆಪ್‌ಜಿಬಾ ಪಿಂಚನ್ ಮತ್ತು ಮೂವತ್ತು ವರ್ಷ ಸೆರೆಯಲ್ಲಿದ್ದ ಅವಳ ಸೋದರ ಕ್ಲಿಫರ್ಡ್‌ಗೆ ಆ ನೆಮ್ಮದಿ ಸಲ್ಲಬೇಕಾದದ್ದೇ, ಆದರೂ ಈ ಪ್ರಶ್ನೆಯನ್ನು ಉತ್ತರದಲ್ಲಿ ಬಿಡದೆ ಎತ್ತಿರಿ.

ಕೊನೆಯದಾಗಿ, ಯಾರೂ ಗಮನಿಸದ ಕೋಳಿಗಳನ್ನು ಗಮನಿಸಿರಿ. ಒಂದು ಕಾಲಕ್ಕೆ ಟರ್ಕಿ ಕೋಳಿಯಷ್ಟು ದೊಡ್ಡದಾಗಿತ್ತೆಂದು ಹೇಳಲಾಗುವ ಪಿಂಚನ್ ತಳಿ, ಅದೇ ಅಂಗಳದಲ್ಲಿ ಪೀಳಿಗೆಗಳನ್ನು ಕಳೆದು ಪಾರಿವಾಳದಷ್ಟಕ್ಕೆ ಕುಗ್ಗಿರುತ್ತದೆ. ಹೊಸ ಜಾಗಕ್ಕೆ ಸಾಗಿಸಿದ ಕೂಡಲೇ ಎರಡೂ ಹೇಂಟೆಗಳು ಬಿಡುವಿಲ್ಲದೆ ಮೊಟ್ಟೆಯಿಡತೊಡಗುತ್ತವೆ.